ಕೂತು ಕೆಲಸ ಮಾಡುವವರಿಗೆ ವ್ಯಾಯಾಮ: ಮಧ್ಯಾಹ್ನದ ಮಂಕು ಹೋಗುತ್ತದಾ?

ಬದಿಯಡ್ಕದಿಂದ ಪ್ರಶ್ನೆ

ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಬೆಳಿಗ್ಗೆ ತೊಂದರೆ ಇಲ್ಲ. ಊಟ ಆಗಿ ಎರಡೂವರೆ ದಾಟಿತು ಅಂದರೆ ತಲೆ ಓಡುವುದಿಲ್ಲ, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತೇನೆ. ಸಂಜೆ ಹೊತ್ತಿಗೆ ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಜಿಮ್‌ಗೆ ಹೋಗಿ ಬರುವಷ್ಟು ಪುರುಸೊತ್ತಿಲ್ಲ. ವ್ಯಾಯಾಮದಿಂದ ಕೆಲಸ, ಮನಸ್ಸು ಎರಡೂ ನಿಜವಾಗಿ ಸುಧಾರಿಸುತ್ತವಾ? ಮಾಡಿ ನೋಡಿದವರು ಹೇಳಿ.

ಕುಂಬಳೆಯಿಂದ

ಖಂಡಿತ ಸುಧಾರಿಸುತ್ತವೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವನು. ತೂಕ, ಹೊಟ್ಟೆ ಇವೆಲ್ಲ ಇಳಿಯಲು ತಿಂಗಳುಗಟ್ಟಲೆ ಬೇಕು. ಆದರೆ ಮನಸ್ಸಿಗೆ ಸಿಗುವ ಫಲ ಅದೇ ದಿನ ಸಿಗುತ್ತದೆ. ಹಾಗಾಗಿ ವ್ಯಾಯಾಮವನ್ನು ಭಾನುವಾರಕ್ಕೆ ಎತ್ತಿಡಬೇಡಿ, ಕೆಲಸದ ದಿನವೇ ಮಾಡಿ.

ಇದು ನನ್ನೊಬ್ಬನ ಮಾತಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಸುಮಾರು 200 ಕಚೇರಿ ನೌಕರರನ್ನು ವಿಚಾರಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ವ್ಯಾಯಾಮ ಮಾಡಿದ ದಿನ ಅವರ ಮನಸ್ಸು ಹಗುರವಾಗಿತ್ತು, ಕೆಲಸವೂ ಚೆನ್ನಾಗಿ ಸಾಗಿತ್ತು. ಅವರವರೇ ತಮಗೆ ಕೊಟ್ಟುಕೊಂಡ ಅಂಕ ಅದು, ಅದನ್ನು ನೆನಪಿಟ್ಟುಕೊಳ್ಳಬೇಕು. ಆದರೆ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಲಿಲ್ಲ, ಒಬ್ಬರದ್ದೇ ಎರಡು ಬಗೆಯ ದಿನಗಳನ್ನು ಹೋಲಿಸಿದರು. ಆ ಕ್ರಮ ನನಗೆ ಸರಿ ಅನ್ನಿಸಿತು.

ನನಗೂ ವ್ಯತ್ಯಾಸ ಕಾಣುವುದು ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ. ಬೆಳಿಗ್ಗೆ ಅನಂತಪುರದ ಮುರಕಲ್ಲು ಗುಡ್ಡ ಹತ್ತಿ ಬಂದ ದಿನ ಲೆಕ್ಕ ಒಂದೇ ಸಲಕ್ಕೆ ಕೂಡಿಬರುತ್ತದೆ. ನಡೆಯದ ದಿನ ಐನೂರರ ಕಟ್ಟು ಬಿಚ್ಚಿ ಮತ್ತೆ ಎಣಿಸಬೇಕು. ಚಲನ್ ತಪ್ಪಾಗಿ ಬರೆದು ತಂದ ಅಜ್ಜನ ಎದುರು ಮುಖ ಗಂಟಾಗುತ್ತದೆ. ಪಾಪ, ಅವರದ್ದೇನು ತಪ್ಪು?

ನಿಮ್ಮ ಎರಡೂವರೆಯ ಸಮಸ್ಯೆಗೆ ಬರುತ್ತೇನೆ. ಕುಚ್ಚಲಕ್ಕಿ ಅನ್ನ ಉಂಡು ನೇರ ಕುರ್ಚಿಗೆ ಹೋಗಬೇಡಿ. ಹತ್ತು ನಿಮಿಷ ನಡೆಯಿರಿ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಊಟದ ನಂತರ ಅದು ಏರುವುದು ತಗ್ಗುತ್ತದೆ. ತೂಕಡಿಕೆಗೆ ಊಟ ಒಂದೇ ಕಾರಣ ಅಲ್ಲ, ದೇಹದ ಗಡಿಯಾರವೂ ಆ ಹೊತ್ತಿಗೆ ಸ್ವಲ್ಪ ಮಂದವಾಗುತ್ತದೆ. ಆದ್ದರಿಂದ ತಲೆಬಿಸಿಯ ಲೆಕ್ಕಗಳನ್ನು ಬೆಳಿಗ್ಗೆಯೇ ಮುಗಿಸಿ. ಮೂರು ಗಂಟೆಗೆ ಫೋನ್ ಕರೆ, ಫೈಲ್ ಜೋಡಿಸುವುದು, ಅಂಥವು ಸಾಕು. ಕರೆ ಬಂದರೆ ಎದ್ದು ಜಗಲಿಯಲ್ಲಿ ನಡೆಯುತ್ತಾ ಮಾತಾಡಿ.

ಉಪ್ಪಳದಿಂದ

ನಾನು ದಿನಾ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುವವನು. ರೈಲಿನಲ್ಲೂ ಕೂರುವುದು, ಕಚೇರಿಯಲ್ಲೂ ಕೂರುವುದು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಬಗ್ಗೆ ಜೆರ್ರಿ ಮೋರಿಸ್ ಅನ್ನುವ ವೈದ್ಯ ಸಂಶೋಧಕರು ಮತ್ತು ಜೊತೆಗಾರರು 1953ರಲ್ಲಿ ಬರೆದದ್ದನ್ನು ಓದಿದ ಮೇಲೆ ನನಗೆ ಎಚ್ಚರ ಆಯಿತು. ಕೂತೇ ಇರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಒಂದೇ ಬಸ್ಸು, ಒಂದೇ ಪಾಳಿ!

ಈಗ ಮಂಗಳೂರು ಸೆಂಟ್ರಲ್ ಸ್ಟೇಷನ್‌ನಿಂದ ಹಂಪನಕಟ್ಟೆಗೆ ಆಟೋ ಹತ್ತುವುದಿಲ್ಲ, ನಡೆಯುತ್ತೇನೆ. ಬೆಳಿಗ್ಗೆಗಿಂತ ಸಂಜೆಯ ನಡಿಗೆ ನನಗೆ ಹೆಚ್ಚು ಮುಖ್ಯ. ಮೀಟಿಂಗಿನಲ್ಲಿ ಕೇಳಿದ ಮಾತಿನ ಕಾವು ಸ್ಟೇಷನ್ ತಲುಪುವಷ್ಟರಲ್ಲಿ ಇಳಿದಿರುತ್ತದೆ, ಅದನ್ನು ಮನೆಗೆ ಹೊತ್ತು ತರುವುದಿಲ್ಲ. ನಿಮಗೆ ಕಚೇರಿಯೂ ಮನೆಯೂ ಒಂದೇ. ಕೆಲಸ ಮುಗಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ ಗೇಟಿನ ಹೊರಗೆ ಒಂದು ಸುತ್ತು ಹೋಗಿ, ಆಮೇಲೆ ಮಕ್ಕಳ ಹತ್ತಿರ ಬನ್ನಿ.

ಮುಳ್ಳೇರಿಯದಿಂದ

ಬೆಳಿಗ್ಗೆ ಗುಡ್ಡ ಹತ್ತಿ ಅಂತ ಹೇಳುವುದು ಸುಲಭ. ನಮಗೆ ಬೆಳಿಗ್ಗೆ ದೋಸೆ ಆಗಬೇಕು, ಮಕ್ಕಳ ಬುತ್ತಿ ಆಗಬೇಕು, ಹಟ್ಟಿಯಲ್ಲಿ ದನ ಉಂಟು. ಒಂಬತ್ತೂವರೆಗೆ ಸರಕಾರಿ ಅರ್ಜಿ, ದಾಖಲೆಗಳ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಎದುರಿಗೆ ಸಾಲು. ಸರ್ವರ್ ನಿಂತರೆ ಮಾತು ಕೇಳುವವಳು ನಾನು.

ಮನೆಗೆಲಸವೇ ವ್ಯಾಯಾಮ ಅಲ್ವಾ ಅಂತ ಕೇಳುತ್ತಾರೆ. ಮೈಗೆ ಅದರಿಂದ ಒಳ್ಳೆಯದೇ. ಆದರೆ ಮಾಡಲೇಬೇಕಾದ ಕೆಲಸ ನನ್ನ ಮನಸ್ಸನ್ನು ಎತ್ತುವುದಿಲ್ಲ. ನನ್ನದು ಅಂತ ಆರಿಸಿಕೊಂಡದ್ದು ಎತ್ತುತ್ತದೆ. ನಾನು ಭಜನಾ ಮಂದಿರದ ಹಾಲಿನಲ್ಲಿ ಯಕ್ಷಗಾನ ನಾಟ್ಯ ತರಗತಿಗೆ ಸೇರಿದೆ, ವಾರದಲ್ಲಿ ಎರಡು ಸಂಜೆ. ಚೆಂಡೆ ಪೆಟ್ಟಿಗೆ ಹೆಜ್ಜೆ ಕೂಡಿಸುವಾಗ ಬೇರೆ ಯೋಚನೆಗೆ ಜಾಗವೇ ಇಲ್ಲ. ಅರ್ಧ ಗಂಟೆಯಲ್ಲಿ ಬೆನ್ನೆಲ್ಲ ಒದ್ದೆ. ಆ ರಾತ್ರಿ ನಿದ್ದೆ ಗಾಢ, ಮರುದಿನ ಸಾಲಿನಲ್ಲಿ ಯಾರು ಜೋರು ಮಾಡಿದರೂ ಸಮಾಧಾನದಲ್ಲೇ ಉತ್ತರಿಸುತ್ತೇನೆ. ಜೂನ್, ಜುಲೈ ಮಳೆಗೂ ಇದು ನಿಲ್ಲುವುದಿಲ್ಲ. ನಮ್ಮ ಊರಲ್ಲಿ ಹೊರಗಿನ ನಡಿಗೆಯನ್ನೇ ನಂಬಿದರೆ ಮಳೆಗಾಲ ಪೂರ್ತಿ ತಪ್ಪುತ್ತದೆ.

ತರಗತಿ ಇಲ್ಲದ ದಿನ ಸಿಕ್ಕಿದಷ್ಟು. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಮ್ಮೆಗೆ ಕಡಿಮೆ ಅಂದರೆ ಹತ್ತು ನಿಮಿಷ ಇರಬೇಕು ಅನ್ನುವ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಮಂಜೇಶ್ವರದಿಂದ

ನಾನು ಆರೋಗ್ಯ ಕೇಂದ್ರದಲ್ಲಿ ದಾಖಲೆ ಬರೆಯುವವಳು. ಎಲ್ಲರೂ ಹೇಳಿದ್ದು ಸರಿ. ಆದರೆ ದಿನಾ ಸುಸ್ತು ಅಂದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ರಕ್ತ ಕಡಿಮೆ ಇದ್ದವರಿಗೆ ಬರೀ ನಡೆಯಿರಿ ಅಂದರೆ ಇನ್ನೂ ಬಳಲುತ್ತಾರೆ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ಯಾವುದೂ ಬೇಡ ಅನ್ನಿಸಿದರೆ, ಡಾಕ್ಟರ ಹತ್ತಿರ ಹೋಗಿ. ವ್ಯಾಯಾಮ ಚಿಕಿತ್ಸೆಯ ಜೊತೆಗಿರಲಿ, ಅದರ ಬದಲಿಗೆ ಬೇಡ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಅಲ್ಲಿ ಕನ್ನಡವೂ ಉಂಟು.

ಬದಿಯಡ್ಕದಿಂದ

ಎಲ್ಲರಿಗೂ ಧನ್ಯವಾದ. ಊಟದ ನಂತರ ತೋಟದ ದಾರಿಯಲ್ಲಿ ನಡೆಯುವುದು, ಕೆಲಸ ಮುಗಿದ ಮೇಲೆ ಗೇಟಿನ ಹೊರಗೆ ಒಂದು ಸುತ್ತು. ಇವೆರಡನ್ನು ನಾಳೆಯೇ ಶುರು ಮಾಡುತ್ತೇನೆ. ರಕ್ತ ಪರೀಕ್ಷೆಯನ್ನೂ ಮಾಡಿಸುತ್ತೇನೆ. ಮುಳ್ಳೇರಿಯದವರೇ, ನಾಟ್ಯ ತರಗತಿಗೆ ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಾರಾ? ನನಗೆ ಮೊಣಕಾಲು ಸ್ವಲ್ಪ ನೋವು.

ಮುಳ್ಳೇರಿಯದಿಂದ

ಸೇರಿಸಿಕೊಳ್ಳುತ್ತಾರೆ, ನಮ್ಮಲ್ಲಿ ನಿವೃತ್ತ ಮೇಷ್ಟ್ರೇ ಇದ್ದಾರೆ. ಶುರುವಿಗೆ ಬರೀ ತಾಳ, ಹೆಜ್ಜೆ. ಹಾರಿ ಸುತ್ತುವ ಧೀಂಗಿಣ ತುಂಬಾ ಆಮೇಲೆ. ಮೊಣಕಾಲಿನ ವಿಷಯ ಗುರುಗಳಿಗೆ ಮೊದಲೇ ಹೇಳಿ, ಹಾರುವ ಭಾಗ ಬಿಟ್ಟು ಕಲಿಸುತ್ತಾರೆ. ನಿಮ್ಮ ಬದಿಯಡ್ಕದ ಕಡೆಯೂ ತರಗತಿ ಇರಬಹುದು, ಹತ್ತಿರದ ಭಜನಾ ಮಂದಿರದಲ್ಲಿ ವಿಚಾರಿಸಿ ನೋಡಿ.