ಪದೇ ಪದೇ ನ್ಯುಮೋನಿಯಾ, ಐಜಿಜಿ ಬರೀ 90: ಮಕ್ಕಳ ಡಾಕ್ಟರನ್ನು ಕೇಳಿ

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗನಿಗೆ 14 ತಿಂಗಳು, 9 ಕೆ.ಜಿ. ಇದ್ದಾನೆ. ಆರು ತಿಂಗಳವರೆಗೆ ಗುಂಡುಗುಂಡಾಗಿದ್ದ. ಆಮೇಲೆ ಮೂರು ಸಲ ನ್ಯುಮೋನಿಯಾ. ಕಿವಿ ಸೋರೋದು ನಿಂತೇ ಇಲ್ಲ, ದಿಂಬಿನ ಕವರ್ ದಿನಾ ಒಗೀತೀನಿ. ರಕ್ತ ಪರೀಕ್ಷೇಲಿ ಐಜಿಜಿ ಅನ್ನೋ ಪ್ರತಿಕಾಯ ಬರೀ 90 ಬಂದಿದೆ. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆ ಇರಬಹುದು ಅಂದ್ರು. ಬಸುರಿಯಲ್ಲಿ ನಾನು ಸರಿಯಾಗಿ ಉಣ್ಣದ್ದಕ್ಕೆ ಹೀಗಾಯ್ತಾ? ಅತ್ತೆ ಚ್ಯವನಪ್ರಾಶ ಕೊಡು ಅಂತಾರೆ. ನನ್ನ ತಮ್ಮನೊಬ್ಬ ಎರಡು ವರ್ಷಕ್ಕೇ ಕಫ ಕಟ್ಟಿ ಹೋಗಿಬಿಟ್ಟಿದ್ದ. ಅದೇ ಭಯ.

ಉತ್ತರ: ನಿಮ್ಮ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲ ತಾಯಿ. ಆ ಆರು ತಿಂಗಳು ಅವನನ್ನ ಕಾಪಾಡಿದ್ದೇ ಹೊಟ್ಟೆಯಲ್ಲಿದ್ದಾಗ ನಿಮ್ಮಿಂದ ಹೋದ ಪ್ರತಿಕಾಯಗಳು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳು. ಅವು ಕರಗಿದ ಮೇಲೆ ಕಾಯಿಲೆ ಶುರುವಾಗಿದೆ.

ತಮ್ಮನ ವಿಷಯ ನಿಮ್ಮ ಡಾಕ್ಟರಿಗೂ ತಪ್ಪದೆ ಹೇಳಿ. ಗಂಡುಮಗು, ಸೋದರಮಾವನಿಗೂ ಹೀಗೇ ಆಗಿತ್ತು ಅಂದರೆ ನನಗೆ ಮೊದಲು ಅನುಮಾನ ಬರೋದು ಎಕ್ಸ್‌-ಲಿಂಕ್ಡ್ ಅಗಾಮಾಗ್ಲೋಬ್ಯುಲಿನೀಮಿಯಾ ಮೇಲೆ. ಗಂಡುಮಕ್ಕಳಿಗೆ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿರುವ ಬಿಟಿಕೆ ಜೀನ್ ಕೆಟ್ಟಿದ್ದರೆ ಬಿ ಕಣ ಅನ್ನೋ ಬಿಳಿ ರಕ್ತಕಣಗಳು ಬೆಳೆಯಲ್ಲ, ಅವಿಲ್ಲದೆ ಪ್ರತಿಕಾಯ ತಯಾರಾಗಲ್ಲ. ಈ ಮಕ್ಕಳ ಗಂಟಲಿಗೆ ಟಾರ್ಚ್ ಬಿಟ್ಟರೆ ಟಾನ್ಸಿಲ್ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ ಕಾಣುತ್ತೆ. ಖಚಿತವಾಗೋದು ಫ್ಲೋ ಸೈಟೋಮೆಟ್ರಿ ಅನ್ನೋ ರಕ್ತ ಪರೀಕ್ಷೆಯಲ್ಲಿ ಬಿ ಕಣ ಎಣಿಸಿ, ಜೀನ್ ಪರೀಕ್ಷೆ ಮಾಡಿದಾಗ. ಅಪೌಷ್ಟಿಕತೆ, ಎಚ್‌ಐವಿ, ಕೀಮೋ, ತುಂಬಾ ದಿನ ತಗೊಂಡ ಸ್ಟೀರಾಯ್ಡ್‌ನಿಂದ ನಂತರ ಬರುವ ಕೊರತೆಗಳೇ ಬೇರೆ.

ಚ್ಯವನಪ್ರಾಶ ಜೀನನ್ನ ಸರಿಮಾಡಲ್ಲ, ಅದನ್ನ ನಂಬಿ ಒಂದು ವಾರವೂ ಕಳೀಬೇಡಿ. 1952ರಲ್ಲಿ ಬ್ರೂಟನ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಇಂಥ ಹುಡುಗನಿಗೆ ಗಾಮಾ ಗ್ಲೋಬ್ಯುಲಿನ್, ಅಂದರೆ ಬೇರೆಯವರ ರಕ್ತದಿಂದ ತೆಗೆದ ಪ್ರತಿಕಾಯ, ಚುಚ್ಚಿ ಸೋಂಕು ತಡೆದರು. ಇವತ್ತಿಗೂ ದಾರಿ ಅದೇ: ದಾನಿಗಳ ಪ್ಲಾಸ್ಮಾದಿಂದ (ರಕ್ತದ ದ್ರವಭಾಗ) ತೆಗೆದು ರಕ್ತನಾಳಕ್ಕೆ ಕೊಡುವ ಪ್ರತಿಕಾಯ, ಅಂದರೆ ಐವಿಐಜಿ, 3-4 ವಾರಕ್ಕೊಮ್ಮೆ, ಕೆ.ಜಿ.ಗೆ 400-600 ಮಿಲಿಗ್ರಾಂ. ನಿಮ್ಮ ಮಗನಿಗೆ ಸಲಕ್ಕೆ 4-5 ಗ್ರಾಂ ಬೇಕಾದೀತು. ಕೆಲವು ಗಂಟೆ ಡ್ರಿಪ್‌ನಲ್ಲಿ ನಿಧಾನಕ್ಕೆ ಹೋಗಬೇಕು.

ಪ್ರಶ್ನೆ: ಜೀವನಪೂರ್ತಿ ಹಾಕಿಸ್ಬೇಕಾ ಡಾಕ್ಟ್ರೇ? ಮೂಳೆಮಜ್ಜೆ ಕಸಿ ಆಗಲ್ವಾ? ಅವನಿಗೂ ಅಕ್ಕನಿಗೂ ಪೋಲಿಯೊ ಹನಿ ಹಾಕಿಸ್ಲಾ?

ಉತ್ತರ: ಹೌದಮ್ಮ, ಜೀವನಪೂರ್ತಿ. ಖರ್ಚಿನ ಭಾರ ದೊಡ್ಡದು, ಅದನ್ನ ಮುಚ್ಚಿಡಲ್ಲ. ಆದರೆ ಶ್ವಾಸಕೋಶ ಹಾಳಾಗೋಕೆ ಮುಂಚೆ ಶುರುಮಾಡಿ ತಪ್ಪದೆ ಕೊಟ್ಟರೆ ಶಾಲೆಗೆ ಹೋಗ್ತಾನೆ, ಆಡ್ತಾನೆ. ಕಸಿ ಬೇಕಾಗೋದು ಹೆಚ್ಚಾಗಿ ಟಿ ಕಣ ಅನ್ನೋ ಇನ್ನೊಂದು ಬಗೆಯ ಬಿಳಿ ರಕ್ತಕಣಗಳೂ ಇಲ್ಲದ ಸ್ಕಿಡ್‌ನಂಥ ಕಾಯಿಲೆಗೆ.

ಪೋಲಿಯೊ ಹನಿ ಅವನಿಗೆ ಖಂಡಿತ ಬೇಡ. ಅದು ಜೀವಂತ ಲಸಿಕೆ. ಅಕ್ಕನಿಗೂ ಹನಿ ಬೇಡ, ಅವಳ ಮಲದಿಂದ ಆ ವೈರಸ್ ಅವನಿಗೆ ಬರಬಹುದು. ಇಂಜೆಕ್ಷನ್ ಪೋಲಿಯೊ ಕೊಡಿಸಿ. ನಿಮ್ಮ ಡಾಕ್ಟರಿಂದ ಒಂದು ಚೀಟಿ ಬರೆಸಿಟ್ಟುಕೊಳ್ಳಿ, ಪಲ್ಸ್ ಪೋಲಿಯೊ ದಿನ ಮನೆಗೆ ಬಂದವರಿಗೆ ತೋರಿಸೋಕೆ.