18 ಸಂದರ್ಶನ ಮಾಡಿದರೆ ಅದು ಸಂಶೋಧನೆಯೇ?

ಮಡಿಕೇರಿ ವಿದ್ಯಾರ್ಥಿನಿ: ಕೊಡಗಿನ ಕಾಫಿ ತೋಟದ ಲೈನ್‌ಮನೆಗಳಲ್ಲಿ (ಕೂಲಿಕಾರರ ಸಾಲುಮನೆಗಳು) ಇರುವ ಯರವ ಬುಡಕಟ್ಟಿನ ಹೆಂಗಸರು ಆಸ್ಪತ್ರೆಗೆ ಹೋಗಲು ಏಕೆ ಹಿಂಜರಿಯುತ್ತಾರೆ ಎಂಬುದು ನನ್ನ ಪ್ರಬಂಧದ ವಿಷಯ. 18 ಸಂದರ್ಶನ ಮಾಡಿದ್ದೇನೆ. "ಇದು ಕಥೆ, ಕನಿಷ್ಠ ನೂರು ಜನ ಬೇಕು" ಎಂದು ಪರೀಕ್ಷಕರು ಬರೆದಿದ್ದಾರೆ. ಏನು ಮಾಡಲಿ?

ಕಾಫಿ ಕಣ: ಅವರ ಮಾತು ತಪ್ಪೇನಲ್ಲ. ನಾಪೋಕ್ಲುವಿನ ನಾಲ್ಕು ಲೈನ್ ನೋಡಿ ಸಿದ್ದಾಪುರದ ಬಗ್ಗೆ ತೀರ್ಪು ಕೊಡಲಾಗುತ್ತದೆಯೇ?

ವಿರಾಜಪೇಟೆ ಮೇಷ್ಟ್ರು: ಎಷ್ಟು ಜನ ಹಿಂಜರಿಯುತ್ತಾರೆ ಎಂದು ಎಣಿಸುವುದಾದರೆ ನೂರೂ ಸಾಲದು. ಏಕೆ ಎಂದು ತಿಳಿಯಲು 18 ಸಾಕಾಗಬಹುದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡವರ ಬಗ್ಗೆ 1952ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸಂಸ್ಕೃತೀಕರಣದ (ಕೆಳಜಾತಿಯವರು ಮೇಲ್ಜಾತಿಯವರ ಆಚಾರಗಳನ್ನು ಅನುಸರಿಸುವುದು) ಪರಿಕಲ್ಪನೆ ಬಂತು, ತಲೆ ಎಣಿಸಿ ಬಂದದ್ದಲ್ಲ. ಇನ್ನು ಸಿದ್ದಾಪುರದ ಮಾತು. ಸಂಶೋಧನಾ ವಿಧಾನದ ಬಗ್ಗೆ ಬರೆದ ಲಿಂಕನ್ ಮತ್ತು ಗೂಬಾ 1985ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದಾರೆ: ಸಂಶೋಧಕರು ತಾವು ಕಂಡ ಜಾಗವನ್ನು, ಜನರನ್ನು ವಿವರವಾಗಿ ಬರೆಯಬೇಕು, ತನ್ನ ಊರಿಗೆ ಅದು ಹೊಂದುತ್ತದೆಯೇ ಎಂಬುದನ್ನು ಓದುವವನೇ ತೂಗಿ ನೋಡುತ್ತಾನೆ.

ಪೊನ್ನಂಪೇಟೆ ನರ್ಸ್: ಇಷ್ಟೆಲ್ಲ ಏಕೆ? ಸಂದರ್ಶನ ಆಧಾರಿತ ಅಧ್ಯಯನಗಳಿಗೆಂದೇ ಮಾಡಿದ 2007ರ ಕೋರೆಕ್ (COREQ) ಪಟ್ಟಿಯಲ್ಲಿ 32 ಅಂಶಗಳಿವೆ. ಗುರುತು ಹಾಕಿ ಕೊಟ್ಟುಬಿಡಿ.

ವಿರಾಜಪೇಟೆ ಮೇಷ್ಟ್ರು: ಅದು ವರದಿ ಬರೆಯಲು ಮಾಡಿದ ಪಟ್ಟಿ, ಅಂಕ ಕೊಡಲು ಅಲ್ಲ. ಇಂಥ ಪಟ್ಟಿಗಳಲ್ಲಿರುವ ತಂತ್ರಗಳನ್ನು ಅರ್ಥವಾಗದೆ ಅಂಟಿಸಿದರೆ ಅಧ್ಯಯನ ಗಟ್ಟಿಯಾಗುವುದಿಲ್ಲ ಎಂದು ಸಂಶೋಧಕಿ ರೋಸಲೈನ್ ಬಾರ್ಬರ್ 2001ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎಚ್ಚರಿಸಿದ್ದರು.

ಲೈನ್‌ಮನೆ ಹುಡುಗಿ: ಆ ಕೋರೆಕ್ ಪಟ್ಟಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ: ಸಂದರ್ಶನದ ಹೊತ್ತಿನಲ್ಲಿ ಬೇರೆ ಯಾರಿದ್ದರು? ತೋಟದ ರೈಟರ್ (ಗುಮಾಸ್ತ) ಪಕ್ಕದಲ್ಲಿ ನಿಂತಿದ್ದರೆ ನನ್ನ ಅಮ್ಮ "ಎಲ್ಲ ಚೆನ್ನಾಗಿದೆ" ಎಂದೇ ಹೇಳುತ್ತಿದ್ದರು. ಅಂಥ ಸಂದರ್ಶನ ಸಾವಿರ ಮಾಡಿದರೂ ಸಿಗುವುದು ಅದೇ ಉತ್ತರ. ಯರವ ಮಾತನ್ನು ಕನ್ನಡಕ್ಕೆ ತಂದವರು ಯಾರು? ನೀವು ತೋಟದ ಮಾಲೀಕರ ಮನೆಯವರೇ? ಇದೆಲ್ಲ ಪ್ರಬಂಧದಲ್ಲಿ ಇದೆಯೇ?

ಮಡಿಕೇರಿ ವಿದ್ಯಾರ್ಥಿನಿ: ಇದೆ. ಅಜ್ಜನ ತೋಟವಿದೆ ಎಂದೂ ಬರೆದಿದ್ದೇನೆ. ಮಾತು ಅನುವಾದಿಸಿದವರು ಅದೇ ಹಾಡಿಯ ಅಂಗನವಾಡಿ ಸಹಾಯಕಿ. ಆರು ಮಂದಿಯನ್ನು ತೋಟದ ಕಚೇರಿಯ ಜಗಲಿಯಲ್ಲಿ ಮಾತನಾಡಿಸಿದೆ, ಉಳಿದವರನ್ನು ಕೆಲಸ ಮುಗಿದ ಮೇಲೆ ಅವರ ಮನೆಯಲ್ಲಿ. ಜಗಲಿಯಲ್ಲಿ ಕೇಳಿದ್ದು "ಆಸ್ಪತ್ರೆ ದೂರ" ಎಂದು. ಮನೆಯಲ್ಲಿ "ದಿನದ ಕೂಲಿ ಹೋಗುತ್ತದೆ, ಮೇಲಾಗಿ ನರ್ಸ್ ಗದರುತ್ತಾರೆ" ಎಂದರು.

ಕಾಫಿ ಕಣ: ಹಾಗಾದರೆ ಆ ಆರನ್ನು ತೆಗೆದುಹಾಕಿ.

ವಿರಾಜಪೇಟೆ ಮೇಷ್ಟ್ರು: ತೆಗೆಯಬೇಡಿ! ಎರಡೂ ಕಡೆಯ ಉತ್ತರಗಳನ್ನು ಅಕ್ಕಪಕ್ಕ ಇಡಿ. ನಿಮ್ಮ ಪ್ರಬಂಧದ ಜೀವ ಇರುವುದೇ ಆ ವ್ಯತ್ಯಾಸದಲ್ಲಿ.

ಪೊನ್ನಂಪೇಟೆ ನರ್ಸ್: ಗದರುತ್ತಾರಂತೆ! ನಮ್ಮನ್ನು ಯಾರಾದರೂ ಕೇಳಿದಿರಾ?

ಲೈನ್‌ಮನೆ ಹುಡುಗಿ: ಕೇಳಲಿ. ವೈದ್ಯರ ಎದುರಿಗೆ ಮಾತ್ರ ಬೇಡ.