ಆಯಿಯ ರವಿಕೆ ಪುಸ್ತಕದಲ್ಲಿ ಯಾಕೆ?

ಹೋದ ಭಾನುವಾರ ನಮ್ಮ ‘ಮನೆ ಮಂದಿ’ ಗುಂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು ಸಂಬಂಧ ಮಾತ್ರ ಇಟ್ಟಿದ್ದೇನೆ. ನಮ್ಮ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಣ್ಣ, ಅತ್ತಿಗೆ ಅಲ್ಲಿದ್ದಾರೆ. ನಾನು ಬೆಂಗಳೂರಿನಲ್ಲಿ. ಆಯಿ ಅಂದರೆ ನಮ್ಮ ಅಮ್ಮ, ಈಗಿಲ್ಲ.

ನಾನು: (ಪಿಡಿಎಫ್, 32 ಪುಟ)
ಆಯಿಯ ವರ್ಷಾಂತಕ್ಕೆ ಒಂದು ಸಣ್ಣ ಫೋಟೋ ಪುಸ್ತಕ ಮಾಡಿದ್ದೇನೆ. ಪೂರ್ತಿ ಆಯಿಯ ಸಾಮಾನಿನ ಫೋಟೋ. 50 ಪ್ರತಿ ಪ್ರಿಂಟ್ ಹಾಕಿಸುವ ಯೋಚನೆ. ನೋಡಿ ಹೇಳಿ.

ಅಕ್ಕ: ನೋಡಿದೆ. ಕನ್ನಡಕದ ಫೋಟೋ ಬಂದಾಗ ಮುಂದಿನ ಪುಟಕ್ಕೆ ಹೋಗಲಿಕ್ಕೇ ಆಗಲಿಲ್ಲ. ಆ ದಾರ ನಾನೇ ಕಟ್ಟಿಕೊಟ್ಟಿದ್ದು.

ಕಾರವಾರ ಭಾವ: ಚೆನ್ನಾಗಿದೆ. ಆದರೆ ಮನುಷ್ಯರೇ ಇಲ್ಲವಲ್ಲ? ಸತ್ಯನಾರಾಯಣ ಪೂಜೆ ದಿನ ತೆಗೆದ ಗ್ರೂಪ್ ಫೋಟೋ ಹಾಕಿದರೆ ಎಲ್ಲರೂ ಬರುತ್ತಾರೆ. ಮೊಮ್ಮಕ್ಕಳಿಗೆ ಒಂದೊಂದು ಪುಟ ಕೊಡಬಹುದು.

ಅಣ್ಣ: 9ನೇ ಪುಟ ಯಾಕೆ?

ಅಣ್ಣ: ಹರಿದ ರವಿಕೆ, ಕಂಕುಳಲ್ಲಿ ತೇಪೆ. ಇದನ್ನು ನೆಂಟರಿಗೆಲ್ಲ ಹಂಚಬೇಕಾ? ತಾಯಿಗೆ ಒಂದು ರವಿಕೆ ಹೊಲಿಸಿ ಕೊಡಲಿಲ್ಲ ಅಂತ ಜನ ಹೇಳುವುದು ನನಗೆ. ನಿನಗಲ್ಲ.

ಅಣ್ಣ: 14ನೇ ಪುಟ ಹಲ್ಲಿನ ಸೆಟ್. ಅದು ಯಾರಿಗೆ ಬೇಕು ಮಾರಾಯ್ತಿ.

ನಾನು: ಅಣ್ಣ, ಸಿಟ್ಟು ಮಾಡಬೇಡ. ಹೋದ ಸಲ ಬಂದಾಗ ಮೆತ್ತಿನ ಮೇಲಿದ್ದ ಮೂರೂ ಆಲ್ಬಂ ಇಳಿಸಿ ನೋಡಿದೆ. ಅಷ್ಟರಲ್ಲಿ ಆಯಿ ಇರುವುದು ಹನ್ನೊಂದು ಫೋಟೋದಲ್ಲಿ. ಏಳರಲ್ಲಿ ಹಿಂದಿನ ಸಾಲು. ಎರಡರಲ್ಲಿ ಅಡುಗೆ ಮನೆ ಬಾಗಿಲ ಮರೆ, ಅರ್ಧ ಮುಖ. ನಿನ್ನ ಉಪನಯನದ ಫೋಟೋದಲ್ಲಿ ಆಯಿಯ ಕೈ ಮಾತ್ರ ಇದೆ, ಹರಿವಾಣ ಹಿಡಿದಿದ್ದು. ನಮ್ಮ ಮನೆಯ ಫೋಟೋ ತೆಗೆದವರೆಲ್ಲ ಅಪ್ಪಯ್ಯ, ಮಾವ, ಸ್ಟುಡಿಯೋದವರು. ಅವರು ಮನೆಗೆ ಬಂದವರನ್ನು ತೆಗೆದರು. ಮನೆಯಲ್ಲೇ ಇದ್ದವಳನ್ನು ಯಾರೂ ತೆಗೆಯಲಿಲ್ಲ. ಹಾಗಾಗಿ ಉಳಿದದ್ದು ಸಾಮಾನು.

ನಾನು: ಇದು ನನ್ನ ತಲೆಗೆ ತಾನಾಗಿ ಹೊಳೆದದ್ದಲ್ಲ. ಇಶಿಯುಚಿ ಮಿಯಾಕೊ ಅಂತ ಜಪಾನಿನ ಫೋಟೋಗ್ರಾಫರ್ ಇದ್ದಾರೆ. ಅವರ ತಾಯಿ 2000ದಲ್ಲಿ ತೀರಿಕೊಂಡರು. ಇಬ್ಬರಿಗೂ ಅಷ್ಟು ಹೊಂದಾಣಿಕೆ ಇರಲಿಲ್ಲವಂತೆ. ತಾಯಿ ಹೋದ ಮೇಲೆ ಒಳ ಅಂಗಿ, ಅರ್ಧ ಖಾಲಿಯಾದ ಲಿಪ್‌ಸ್ಟಿಕ್, ಇಂಥದ್ದನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದರು. ತಾಯಿಯ ಮೈ ಮೇಲೆ ಕಾದ ಎಣ್ಣೆ ಬಿದ್ದು ಸುಟ್ಟ ಕಲೆ ಇತ್ತು. ಅದನ್ನು ಬದುಕಿದ್ದಾಗಲೇ ತೆಗೆದಿದ್ದರು. ಎಲ್ಲ ಸೇರಿ 2002ರಲ್ಲಿ ಪುಸ್ತಕವಾಯಿತು. ಹೆಸರು ‘ಮದರ್ಸ್’. 2005ರಲ್ಲಿ ವೆನಿಸ್ ಬಿನಾಲೆ ಅನ್ನುವ ಇಟಲಿಯ ದೊಡ್ಡ ಕಲಾ ಪ್ರದರ್ಶನದಲ್ಲಿ ಜಪಾನಿನ ಪರವಾಗಿ ಅದನ್ನೇ ಇಟ್ಟರು. ಆಮೇಲೆ ಹಿರೋಶಿಮಾದಲ್ಲಿ ಬಾಂಬಿಗೆ ಸಿಕ್ಕವರ ಬಟ್ಟೆಗಳ ಫೋಟೋ ತೆಗೆದದ್ದೂ ಅವರೇ. ಆ ಒಳ ಅಂಗಿ ನೋಡಿದರೆ ನಾಚಿಕೆ ಅನಿಸುವುದಿಲ್ಲ ಅಣ್ಣ. ಒಬ್ಬಳು ಈಗಷ್ಟೇ ಎದ್ದು ಹೋದಳು ಅನಿಸುತ್ತದೆ.

ಅಣ್ಣ: ಅದು ಜಪಾನು. ಇಲ್ಲಿ ನಾಳೆ ಪೇಟೆಗೆ ಹೋದರೆ ಮಾತಾಡಿಸುವವರು ಬೇರೆ.

ಕಾರವಾರ ಭಾವ: ಅಲ್ವಾ ಮತ್ತೆ. ಈ ಫೋಟೋ ಪುಸ್ತಕ ಅನ್ನುವುದೆಲ್ಲ ಈಗಿನವರ ಫ್ಯಾಶನ್ನು. ನೆನಪಿಗೆ ಅಂದರೆ ಮುಖ ಇರಬೇಕು 🙏

ಅಕ್ಕನ ಮಗಳು: ಅಪ್ಪಾ, ಫ್ಯಾಶನ್ ಅಲ್ಲ. ಫೋಟೋ ಇದ್ದ ಮೊದಲ ಪುಸ್ತಕ ಮಾಡಿದ್ದೇ ಒಬ್ಬ ಹೆಂಗಸು. ಆನ್ನಾ ಅಟ್ಕಿನ್ಸ್, ಇಂಗ್ಲೆಂಡ್, 1843. ಅದರಲ್ಲೂ ಮುಖ ಇಲ್ಲ. ಸಮುದ್ರದ ಪಾಚಿ, ನಮ್ಮ ಬೀಚಿನ ಬಂಡೆ ಮೇಲೆ ಇರುತ್ತದಲ್ಲ ಅಂಥದ್ದು. ಕ್ಯಾಮೆರಾನೂ ಇಲ್ಲ. ಕಬ್ಬಿಣದ ಲವಣ ಸವರಿದ ಕಾಗದದ ಮೇಲೆ ಪಾಚಿ ಹರಡಿ ಬಿಸಿಲಿಗೆ ಇಡುವುದು, ಆಮೇಲೆ ನೀರಲ್ಲಿ ತೊಳೆಯುವುದು. ಬಿಸಿಲು ಬಿದ್ದ ಜಾಗ ಕಡು ನೀಲಿ, ಪಾಚಿ ಇದ್ದ ಜಾಗ ಬಿಳಿ. ನಾನು ಮಾಡಿ ನೋಡಿದ್ದೇನೆ. ಒಂದೊಂದು ಎಳೆಯೂ ಬರುತ್ತದೆ.

ಕಾರವಾರ ಭಾವ: ಇದು ಗೊತ್ತಿರಲಿಲ್ಲ ಪುಟ್ಟಿ. ಸರಿ, ಆ ಮಾತು ಬಿಟ್ಟೆ. ಗ್ರೂಪ್ ಫೋಟೋ ಒಂದಾದರೂ ಇರಲಿ ಅನ್ನುವುದನ್ನು ಬಿಡುವುದಿಲ್ಲ.

ನಾನು: ಭಾವ, ಆಲ್ಬಂನಲ್ಲಿ ಸಿಕ್ಕಿದ ಹಾಗೆ ಅಂಟಿಸಿಕೊಂಡು ಹೋಗುತ್ತೇವೆ. ಇಲ್ಲಿ ಯಾವುದರ ಎದುರು ಯಾವುದು ಬರುತ್ತದೆ ಅನ್ನುವುದೇ ಮಾತು. 6ನೇ ಪುಟದಲ್ಲಿ ಆಯಿ ಅಡಿಕೆ ಸುಲಿಯುತ್ತಿದ್ದ ಮೆಟ್ಟುಗತ್ತಿ. 7ರಲ್ಲಿ ಅಡಿಕೆ ಸುಲಿದವರ ಲೆಕ್ಕದ ಪುಸ್ತಕ, ಆಯಿಯ ಅಕ್ಷರ. ಎಲ್ಲರ ಹೆಸರೂ ಇದೆ, ಯಾರು ಎಷ್ಟು ಸುಲಿದರು, ಎಷ್ಟು ಕೊಟ್ಟದ್ದು. ರಾತ್ರಿ ಅಷ್ಟೇ ಹೊತ್ತು ಕೂತು ಸುಲಿದ ಆಯಿಯ ಹೆಸರು ಮಾತ್ರ ಇಲ್ಲ. ಎರಡನ್ನೂ ಎದುರು ಬದುರು ಇಟ್ಟರೆ ನಾನು ಒಂದು ಸಾಲೂ ಬರೆಯಬೇಕಾಗಿಲ್ಲ. ಅದರ ನಡುವೆ ಗ್ರೂಪ್ ಫೋಟೋ ಬಂದರೆ ಮತ್ತೆ ಹಿಂದಿನ ಸಾಲು.

ಅಕ್ಕ: ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಇಷ್ಟಾದ ಮೇಲೆ ಒಂದೂವರೆ ಗಂಟೆ ಗುಂಪು ಸುಮ್ಮನಿತ್ತು. ಅತ್ತಿಗೆ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬರುವುದು, ಹೋಗುವುದು. ಗುಂಪಿನಲ್ಲಿ ಅತ್ತಿಗೆ ಮಾತಾಡುವುದು ಕಡಿಮೆ.

ಅತ್ತಿಗೆ: ನಾನೂ ಒಂದು ಹೇಳಲಾ? ಆ ರವಿಕೆಗೆ ತೇಪೆ ಹಾಕಿದ್ದು ನಾನು. ಹೊಸ ರವಿಕೆ ಐದಿದ್ದವು, ಈಗಲೂ ಕಪಾಟಿನಲ್ಲಿ ಇವೆ. ಅತ್ತೆಗೆ ಎಡಗೈ ಎತ್ತಲಿಕ್ಕೆ ಆಗುತ್ತಿರಲಿಲ್ಲ. ಹೊಸದು ಬಿಗಿ. ಆ ಹಳೆಯದು ಸಡಿಲ, ಅದೇ ಬೇಕಿತ್ತು. ಹರಿದ ಹಾಗೆಲ್ಲ ಹೊಲಿದುಕೊಟ್ಟೆ. ಅದು ಬಡತನವಲ್ಲ. ಮಗ ಕೊಡಿಸದೆ ಇದ್ದದ್ದೂ ಅಲ್ಲ. ಆದರೆ ಪುಸ್ತಕದಲ್ಲಿ ಅದು ಯಾರಿಗೆ ಗೊತ್ತಾಗುತ್ತದೆ?

ಅತ್ತಿಗೆ: ನೀನು ಮೂರು ದಿನಕ್ಕೆ ಬಂದೆ. ನಾನು ಒಲೆ ಮುಂದೆ ಇರುವಾಗ ಕೋಣೆ ಬಾಗಿಲು ಹಾಕಿಕೊಂಡು ಫೋಟೋ ತೆಗೆದೆ. ಕೇಳಿದ್ದರೆ ಒಂದೊಂದನ್ನೂ ನಾನೇ ತೆಗೆದುಕೊಡುತ್ತಿದ್ದೆ. ಯಾವುದು ಯಾವಾಗಿನದು ಅಂತ ಹೇಳುತ್ತಿದ್ದೆ. 21ನೇ ಪುಟದಲ್ಲಿ ಹೊಗೆ ಹಿಡಿದ ಗೋಡೆ, ಉಪ್ಪಿನಕಾಯಿ ಭರಣಿ. ಆ ಅಪ್ಪೆಮಿಡಿ ಹಾಕಿದ್ದು ನಾನು. ಅದು ಈಗ ನನ್ನ ಅಡುಗೆ ಮನೆ. ಫೋಟೋದಲ್ಲಿ ನಾನು ಬೇಕು ಅಂತಲ್ಲ. ಕೇಳಲಿಲ್ಲವಲ್ಲ ಅಂತ.

ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅತ್ತಿಗೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಾನು: ಅತ್ತಿಗೆ, ತಪ್ಪಾಯ್ತು. ರವಿಕೆ ನೋಡಿದೆ, ಅದರ ಹೊಲಿಗೆ ನೋಡಲಿಲ್ಲ. ಅಪ್ಪಯ್ಯ ಆಯಿಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದೆ.

ನಾನು: ನಾನು ತುಂಬಾ ಇಷ್ಟಪಡುವ ಪುಸ್ತಕಗಳೆಲ್ಲ ಇದಕ್ಕೆ ಉಲ್ಟಾ. ದಯಾನಿತಾ ಸಿಂಗ್ ದೆಹಲಿಯ ಮೋನಾ ಅಹ್ಮದ್ ಬಗ್ಗೆ 2001ರಲ್ಲಿ ಒಂದು ಪುಸ್ತಕ ಮಾಡಿದರು. ಮೋನಾ ಹಿಜ್ರಾ ಸಮುದಾಯದವರು, ಸ್ಮಶಾನದಲ್ಲಿ ಮನೆ ಕಟ್ಟಿಕೊಂಡು ಇದ್ದವರು. ಅದರಲ್ಲಿ ಫೋಟೋ ದಯಾನಿತಾ ಅವರದು, ಮಾತು ಮೋನಾ ಅವರದೇ. ಪ್ರಕಾಶಕರಿಗೆ ಅವರು ಹೇಳಿ ಬರೆಸಿದ ಇಮೇಲ್‌ಗಳನ್ನೇ ಹಾಕಿದ್ದಾರೆ. 2008ರಲ್ಲಿ ಅದೇ ದಯಾನಿತಾ ಏಳು ಪುಟಾಣಿ ಮಡಿಕೆ ಪುಸ್ತಕ ಒಂದು ಪೆಟ್ಟಿಗೆಯಲ್ಲಿ ಇಟ್ಟು ತಂದರು. ಒಂದು ಪುಸ್ತಕದ ತುಂಬ ಅವರ ತಾಯಿ ತೆಗೆದ ಫೋಟೋ. ಅಮೆರಿಕದ ಲಟೋಯಾ ರೂಬಿ ಫ್ರೇಜಿಯರ್ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಅಜ್ಜಿ, ತಾಯಿ, ತಾನು, ಮೂರು ತಲೆಮಾರಿನ ಕಷ್ಟ, ಕಾಯಿಲೆ ಎಲ್ಲ ತೆಗೆದು 2014ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ತಾಯಿಯೂ ಕ್ಯಾಮೆರಾ ಹಿಡಿದಿದ್ದಾರೆ. ಇಷ್ಟೆಲ್ಲ ಓದಿದವಳು ಅಡುಗೆ ಮನೆಗೆ ಬಂದು ಒಂದು ಮಾತು ಕೇಳಲಿಲ್ಲ.

ನಾನು: ಒಂದೊಂದು ಫೋಟೋದ ಕೆಳಗೆ ನೀನು ಬರೆಯುತ್ತೀಯಾ?

ಅತ್ತಿಗೆ: ಬರೆಯುವುದೆಲ್ಲ ನನಗೆ ಬರುವುದಿಲ್ಲ. ಫೋಟೋ ಇವೆ.

ಅಣ್ಣ: ಯಾವ ಫೋಟೋ?

ಅತ್ತಿಗೆ: ಡಾಕ್ಟರಿಗೆ ಕಳಿಸಿದ್ದು.

ಆಯಿಗೆ ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನ ಗಾಯ ಮಾಯಲೇ ಇಲ್ಲ. ದಿನಾ ಬೆಳಿಗ್ಗೆ ಪಟ್ಟಿ ಬಿಚ್ಚಿದಾಗ ಫೋಟೋ ತೆಗೆದು ಕಳಿಸಿ ಅಂತ ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಅತ್ತಿಗೆ ಫೋಟೋ ತೆಗೆದು, ಕೊಟ್ಟಿಗೆ ಹಿಂದಿನ ಗುಡ್ಡ ಹತ್ತಿ ಕಳಿಸಿ ಬರುತ್ತಿದ್ದಳು. ಇದು ನನಗೆ ಗೊತ್ತಿತ್ತು. ಅವು ಇನ್ನೂ ಫೋನಿನಲ್ಲಿ ಇವೆ ಅಂತ ಗೊತ್ತಿರಲಿಲ್ಲ.

ಅತ್ತಿಗೆ: 74 ಇವೆ. ಎಲ್ಲ ಒಂದೇ ಕಾಲು. ಅಳಿಸಬೇಕು ಅಂತ ಮಾಡಿದ್ದೆ. ಆಗಲಿಲ್ಲ.

(ಅತ್ತಿಗೆ ಒಂದು ಫೋಟೋ ಹಾಕಿದಳು. ನಾನು ತೆರೆಯುವಷ್ಟರಲ್ಲಿ ಅಳಿಸಿದಳು.)

ಅತ್ತಿಗೆ: ಅದು ಬೇಡ. ಇದು ನೋಡಿ.

ಫೋಟೋ ಸ್ವಲ್ಪ ಅಲುಗಿದೆ. ಸುತ್ತ ಕತ್ತಲೆ. ಮಣೆ ಮೇಲೆ ಕಾಲು, ಪಕ್ಕದಲ್ಲಿ ಬಿಳಿ ಪಟ್ಟಿಯ ಸುರುಳಿ, ಡೆಟಾಲ್ ಹಾಕಿದ ಲೋಟ. ಬಲಗಡೆಯಿಂದ ಒಂದು ಕೈ ಬಂದಿದೆ, ಸವೆದ ಎರಡು ಬಳೆ. ಆ ಕೈಯಲ್ಲಿ ಬ್ಯಾಟರಿ. ಬೆಳಕು ಪೂರ್ತಿ ಕಾಲಿನ ಮೇಲೆ ಬಿದ್ದಿದೆ. ತೋರುಬೆರಳು ಬ್ಯಾಟರಿಯ ಗುಂಡಿಯನ್ನು ಒತ್ತಿಕೊಂಡೇ ಇದೆ, ಬಿಟ್ಟರೆ ಆರಿ ಹೋಗುತ್ತದೆ ಅನ್ನುವ ಹಾಗೆ.

ಅತ್ತಿಗೆ: ಆಷಾಢದ ಮಳೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ನನ್ನ ಎರಡು ಕೈಗೂ ಕೆಲಸ. ಬ್ಯಾಟರಿ ಅತ್ತೆಯೇ ಹಿಡಿದರು. ನೋವಿಗೆ ಕಾಲು ನಡುಗಿತು. ಕೈ ನಡುಗಲಿಲ್ಲ.

ಅಕ್ಕ: ಅಯ್ಯೋ.

ಅಕ್ಕನ ಮಗಳು: ಕುಮಟೆ ಅಜ್ಜಿ (ಆಯಿಯ ತಂಗಿ) ವಾಯ್ಸ್ ಕಳಿಸಿದ್ದಾರೆ. ಕೇಳಿಸದವರಿಗೆ ಬರೆಯುತ್ತೇನೆ: “ಅಕ್ಕನ ಕೈ ಅದು, ನೋಡಿದ ಕೂಡಲೇ ಗೊತ್ತಾಯ್ತು. ಅದನ್ನು ಹಾಕಿ. ಹಲ್ಲಿನ ಸೆಟ್ ಮಾತ್ರ ಬೇಡ ತಂಗಿ. ಸೆಟ್ ಇಲ್ಲದೆ ಅವಳು ಜಗುಲಿಗೆ ಬಂದವಳಲ್ಲ. ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದಳು. ನನ್ನೆದುರಿಗೂ.”

ನಾನು: 14 ತೆಗೆದೆ ಚಿಕ್ಕಮ್ಮ. ಅಣ್ಣ ಬೇಡ ಅಂದದ್ದಕ್ಕೆ ಅಲ್ಲ, ಆಯಿ ಬೇಡ ಅನ್ನುತ್ತಿದ್ದಳು ಅನ್ನುವುದಕ್ಕೆ.

ಅಣ್ಣ: ರವಿಕೆ?

ನಾನು: ನೀನು ಹೇಳು.

ಅಣ್ಣ: ತೇಪೆ ಯಾಕೆ ಅಂತ ಅವಳು ಈಗ ಬರೆದಳಲ್ಲ, ಅದನ್ನೇ ಕೆಳಗೆ ಹಾಕು. ಹಾಗಾದರೆ ಇರಲಿ.

ಕಾರವಾರ ಭಾವ: ಗ್ರೂಪ್ ಫೋಟೋ ಬೇಡ ಬಿಡು. ಪ್ರಿಂಟಿನ ಖರ್ಚಿನಲ್ಲಿ ಅರ್ಧ ನನ್ನದು.

ನಾನು: ಅತ್ತಿಗೆ, ರವಿಕೆಯ ಎದುರು ಪುಟಕ್ಕೆ ನಿನ್ನ ಈ ಫೋಟೋ ಹಾಕಲಾ? ಕೆಳಗೆ ನಿನ್ನ ಹೆಸರು, ನೀನು ಬರೆದ ಈ ನಾಲ್ಕು ಸಾಲು. ಒಂದಕ್ಷರವೂ ತಿದ್ದುವುದಿಲ್ಲ.

ರಾತ್ರಿ ಹತ್ತು ದಾಟಿತ್ತು. ಉತ್ತರ ಬಂದದ್ದು ಬೆಳಿಗ್ಗೆ, ಹಾಲು ಕರೆದು ಗುಡ್ಡ ಹತ್ತಿದ ಮೇಲೆ ಇರಬೇಕು.

ಅತ್ತಿಗೆ: ಹಾಕು. ಆದರೆ ಎಡಗಡೆ ಸ್ವಲ್ಪ ಕತ್ತರಿಸು. ಗಾಯ ಕಾಣುವುದು ಬೇಡ. ಕೈ ಮತ್ತೆ ಬ್ಯಾಟರಿ ಇದ್ದರೆ ಸಾಕು.